ಆರು ವ್ಯಾನಿಗೆ ಒಂದು ಸಿಲಿಂಡರ್

ಟಿಕೋಟಾ ಸ್ಟ್ಯಾಂಡಿನ ಆರು ವ್ಯಾನುಗಳಲ್ಲಿ ಒಂದರಲ್ಲೂ ಬೆಂಕಿ ಆರಿಸುವ ಸಿಲಿಂಡರ್ ಇರಲಿಲ್ಲ. ಆರಕ್ಕೂ ಸೇರಿ ಒಂದಿತ್ತು. ಅದು ಮಾಸುಮಬಿಯ ಚಹಾದಂಗಡಿಯ ಹಲಗೆಯ ಮೇಲೆ ಅರಿವೆ ಹೊದ್ದು ಕೂತಿರುತ್ತಿತ್ತು.

ವಿಜಯಪುರದ ಆರ್‌ಟಿಒ ಕಚೇರಿಗೆ ಪಾಸಿಂಗಿಗೆ, ಅಂದರೆ ಗಾಡಿಯ ತಪಾಸಣೆಗೆ, ಹೊರಟವನು ಅದನ್ನು ಇಳಿಸಿ, ಸೀಟಿನ ಹಿಂದೆ ಕಟ್ಟಿಕೊಂಡು ಹೋಗಬೇಕು. ಸಾಹೇಬರಿಗೆ ತೋರಿಸಬೇಕು. ಸಂಜೆ ತಂದಿಡಬೇಕು. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲೇ ಇರಬೇಕು, ಪಿನ್ನಿನ ಸೀಲು ಹರಿದಿರಬಾರದು. ಒಮ್ಮೆ ಮಲ್ಲಿನಾಥ, ಏನು ಬರುತ್ತದೋ ನೋಡೋಣವೆಂದು ಪಿನ್ ಎಳೆದಿದ್ದ. ಬಿಳಿ ಪುಡಿ ಬಂತು. ಶ್ರಾವಣ ಮುಗಿಯುವವರೆಗೆ ಸ್ಟ್ಯಾಂಡಿನಲ್ಲಿ ಅವನಿಗೆ ಯಾರೂ ಪಾಳಿ ಕೊಡಲಿಲ್ಲ. ಮತ್ತೆ ತುಂಬಿಸಿ ತಂದ ಸಿಲಿಂಡರಿಗೆ ಆಯುಧಪೂಜೆಯ ದಿನ ಹಾರ ಬಿತ್ತು. ಮಾಸುಮಬಿ ನೋಡುತ್ತಿದ್ದಂತೆಯೇ ಯಾರೋ ಸೀಲಿನ ಮೇಲೆ ಒದ್ದೆ ಕುಂಕುಮ ಮೆತ್ತಿದರು.

ವ್ಯಾನುಗಳೆಲ್ಲ ಹಳೆಯವು. ಎಂಜಿನ್ನು ಡ್ರೈವರನ ಸೀಟಿನ ಕೆಳಗೆ. ಚಳಿಗಾಲದಲ್ಲಿ ಬೆಚ್ಚಗಿನ ಮುಂದಿನ ಸೀಟಿಗಾಗಿ ಜಗಳ ನಡೆಯುತ್ತಿತ್ತು.

ಅವತ್ತು ಮುಂಜಾನೆ ಸಿಲಿಂಡರ್ ಒಯ್ದವನು ಯಲ್ಲಾಲಿಂಗ. ಮರುದಿನದ ಸರದಿ ಸಾಬಣ್ಣನದು. ಬಬಲೇಶ್ವರದ ಒಂದು ಶಾಲೆಯವರು ಅವನಿಗೆ, ಪಾಸಿಂಗ್ ಕಾಗದ ತಂದರೆ ಮಕ್ಕಳನ್ನು ಹತ್ತಿಸುತ್ತೇವೆ, ಇಲ್ಲದಿದ್ದರೆ ಬೇರೆ ಗಾಡಿ ನೋಡುತ್ತೇವೆ ಎಂದಿದ್ದರು. ಹೊತ್ತು ಇಳಿದರೂ ಯಲ್ಲಾಲಿಂಗನ ಸುಳಿವಿರಲಿಲ್ಲ. ಸಾಬಣ್ಣ ಮೂರನೆಯ ಚಹಾ ಕುಡಿದ.

ವಿಜಯಪುರದಿಂದ ಬಂದ ಹೊನವಾಡದ ಬಸ್ಸು ಜನರನ್ನು ಇಳಿಸಿ ಹೋಯಿತು. ಧೂಳಿನೊಳಗಿಂದ ಯಲ್ಲಾಲಿಂಗ ನಡೆದು ಬಂದ. ಸಿಲಿಂಡರ್ ಎದೆಗವಚಿಕೊಂಡಿದ್ದ. ಅಂಗಿಯೆಲ್ಲ ಮಸಿ, ಹುಬ್ಬು ಅರ್ಧ ಸುಟ್ಟಿತ್ತು. ಹೆಗಲ ಮೇಲೆ ಯಾವಾಗಲೂ ಇರುವ ಟವೆಲ್ಲು ಇಲ್ಲ. ಬರಿಗಾಲು.

ಸಾಬಣ್ಣ ಬೆಂಚಿನಿಂದ ಎದ್ದ.

“ಎಳದಿ ಹೌದಿಲ್ಲೋ?”

“ಏನಣ್ಣಾ?”

“ಪಿನ್ನಲೇ. ಮಾರಿ ನೋಡ್ಕೋ, ಸುಟ್ಟ ಬದನಿಕಾಯಿ ಆಗೇತಿ.”

“ಇಲ್ಲಣ್ಣಾ. ಪಿನ್ ಮುಟ್ಟೇ ಇಲ್ಲ.”

“ಮತ್ತ ಈ ಮಸಿ?”

“ಇಟ್ಟಂಗಿಹಾಳದ ಹತ್ರ ಸೀಟಿನ ಬುಡಕ ಹೊಗಿ ಬಂತು. ಮಣ್ಣ ಉಗ್ಗಿದೆ. ಟವೆಲ್ಲಲೆ ಬಡದೆ.”

“ಆರಿತೇನು?”

“ಕಡೀಕ ಅದು ತಾನಾಗೇ ಆರಿತು.”

“ಇವನ ಮಾರಿ ನೋಡಿ ಬೆಂಕೀಗೂ ಬ್ಯಾಸರಾಗಿರಬೇಕು,” ಎಂದಳು ಮಾಸುಮಬಿ. “ಚಪ್ಪಲಿ ಎಲ್ಲೆದಾವೋ?”

“ಗಾಡ್ಯಾಗ ಉಳದಾವಕ್ಕಾ.”

ಸಾಬಣ್ಣ ನಂಬಲಿಲ್ಲ. ಬೆಂಕಿ ಬಂದಿದೆ, ಕೈಯಲ್ಲಿ ಸಿಲಿಂಡರಿದೆ, ಎಳೆಯದೆ ಬಿಟ್ಟಾನೆಯೇ? ಎಳೆದು, ವಿಜಯಪುರದಲ್ಲಿ ಯಾರ ಕೈಲಾದರೂ ಹೊಸ ಸೀಲು ಬಿಗಿಸಿಕೊಂಡು ಬಂದಿರಬೇಕು. ಅಲ್ಲಿ ಸಿಗದ್ದು ಏನಿದೆ? ನಾಳೆ ಸಾಹೇಬರ ಎದುರು ಮುಳ್ಳು ಕೆಂಪಿಗೆ ಬಿದ್ದರೆ ಶಾಲೆಯೂ ಹೋಯಿತು, ಮಕ್ಕಳೂ ಹೋದರು.

“ಕೊಡಿಲ್ಲೆ.”

ಯಲ್ಲಾಲಿಂಗ ಎರಡೂ ಕೈಯಿಂದ ಕೊಟ್ಟ. ಸಾಬಣ್ಣ ಅದನ್ನು ಬೆಳಕಿಗೆ ಹಿಡಿದ. ಮುಳ್ಳು ಹಸಿರಿನಲ್ಲಿತ್ತು. ಎತ್ತಿ ನೋಡಿದ, ಎಂದಿನ ಭಾರ. ನಳಿಕೆಯ ಬಾಯಿಗೆ ಬೆರಳಿಟ್ಟು ನೋಡಿದ, ಪುಡಿಯ ಕಣವಿಲ್ಲ. ಕೊನೆಗೆ ಸೀಲು. ಆಯುಧಪೂಜೆಯ ಕುಂಕುಮ ಒಣಗಿ ಗಟ್ಟಿಯಾಗಿ, ಬಿರುಕಿಲ್ಲದೆ ಅಲ್ಲೇ ಕೂತಿತ್ತು.

ಅದನ್ನು ಯಾವ ಅಂಗಡಿಯವನೂ ಮೆತ್ತಿಕೊಡಲಾರ.

“ತಪ್ಪಾತು ತಮ್ಮಾ,” ಎಂದ ಸಾಬಣ್ಣ. “ನೀ ಮಾತಿಗೆ ನಿಂತಾಂವ. ಆ ಪಿನ್ ಎಳದ ಮಲ್ಯಾಗ ನಿನ್ನ ಕಾಲಾಗಿನ ಧೂಳು ತಿನ್ನಸಬೇಕು. ಅಕ್ಕಾ, ಇವಗೊಂದು ಚಹಾ ಹಾಕು. ಮ್ಯಾಲ ಎರಡು ಮಿರ್ಚಿ.”

ಯಲ್ಲಾಲಿಂಗ ಬೆಂಚಿನ ತುದಿಗೆ ಕೂತ. ವ್ಯಾನಿನ ಚಾವಿಯನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ. ಮಿರ್ಚಿ ಬಂದ ಮೇಲೂ ತಿರುಗಿಸುತ್ತಲೇ ಇದ್ದ.

“ಪಾಸಿಂಗ್ ಆತೇನು ಮತ್ತ?”

“ಅದರ ಚಿಂತಿ ಇನ್ನ ಇಲ್ಲಣ್ಣಾ.”

“ಛಲೋ ಆತು.” ಸಾಬಣ್ಣ ಸಿಲಿಂಡರಿಗೆ ಅರಿವೆ ಹೊದಿಸಿದ, ಮಲಗಿದ ಕೂಸಿಗೆ ಹೊದಿಸುವ ಹಾಗೆ. “ನಾ ಮುಂಜಾನೆ ಲಗೂನ ಹೊಂಡ್ತೇನಿ.”

“ನಾನೂ ಬರ್ಲೇನಣ್ಣಾ? ಇಟ್ಟಂಗಿಹಾಳದಾಗ ಇಳಸಿದ್ರ ಸಾಕು.”

“ಬಾ, ಬ್ಯಾಡ ಅಂದವರ್ಯಾರು? ಆದ್ರ ನಿನ್ನ ಗಾಡಿ ಬಿಟ್ಟು ನನ್ನ ಗಾಡಿ ಯಾಕಲೇ?”

ಯಲ್ಲಾಲಿಂಗ ಚಾವಿಯನ್ನು ಬೆಂಚಿನ ಮೇಲಿಟ್ಟ.

“ಸಿಲಿಂಡರ್ ಸೀಟಿನ ಹಿಂದ ಕಟ್ಟಿದ್ನೆಲ್ಲಣ್ಣಾ. ಹೊಗಿ ಕಂಡಕೂಡ್ಲೆ ಮೊದಲ ಅದನ್ನ ಬಿಚ್ಚಿ, ತೊಗರಿ ಹೊಲದಾಗ ದೂರ ಇಟ್ಟು ಬಂದೆ. ನಾಳೆ ನಿನ್ನ ಪಾಸಿಂಗ್ ಐತೆಲ್ಲ.”

ಸಿಲಿಂಡರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹೋದದ್ದು ಟವೆಲ್ಲು ಒಂದು, ಚಪ್ಪಲಿ ಒಂದು ಜೊತೆ, ವ್ಯಾನು ಒಂದು.