ಅಜ್ಜಿಯ ತಂಗಿಯಾದ ಮಧ್ಯಾಹ್ನ

ಸಿಲಿಂಡರ್ ಬದಲಿಸುವಾಗ ಒಂದು ಕ್ಷಣ ಹೊಮ್ಮುವ ಗ್ಯಾಸಿನ ವಾಸನೆಗೆ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ.

ಆಗ ನಾನು ನಾಲ್ಕನೇ ಕ್ಲಾಸು. ಕದ್ರಿಯ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ನಾನು, ಅಜ್ಜಿ ಇಬ್ಬರೇ ಇದ್ದೆವು. ಮರೆವಿನ ಕಾಯಿಲೆಯ ಅಜ್ಜಿಗೆ ಔಷಧಿ ತರಲು ಅಮ್ಮ ಹೋಗಿದ್ದರು. ವಾಸನೆ ಬಂತೆಂದು ಅಡುಗೆಮನೆಗೆ ಓಡಿದರೆ ಗ್ಯಾಸು ಸುಯ್ಯೆನ್ನುತ್ತಿತ್ತು. ಅಜ್ಜಿ ಬೆಂಕಿಪೆಟ್ಟಿಗೆಯಿಂದ ಕಡ್ಡಿ ತೆಗೆಯುತ್ತಿದ್ದರು.

"ಬೇಡ ಅಜ್ಜಿ" ಎಂದೆ.

"ನೀನು ಯಾರು? ಎಂತ ಬೇಕು?" ಎಂದು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡರು.

ಚಿಕ್ಕಂದಿನಲ್ಲೇ ಜ್ವರದಿಂದ ತೀರಿಹೋದ ತಮ್ಮ ತಂಗಿ ಗಿರಿಜ ಎಂದು ಅವರು ಕೆಲವೊಮ್ಮೆ ನನ್ನನ್ನು ತಿಳಿಯುತ್ತಿದ್ದರು. ಅದು ನೆನಪಾಗಿ, "ನಾನು ಗಿರಿಜ, ಅಕ್ಕ. ಅಮ್ಮ ಅಂಗಳದಿಂದ ಕರೀತಿದ್ದಾರೆ, ಬಾ" ಎಂದೆ.

ಕಡ್ಡಿ ಹಿಡಿದ ಕೈ ಹಾಗೇ ನಿಂತಿತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ ಅಜ್ಜಿ ಕಡ್ಡಿ ಕೆಳಗೆ ಹಾಕಿದರು. ನಾನು ಗ್ಯಾಸು ಬಂದ್ ಮಾಡಿ, ಅವರನ್ನು ಹೊರಗೆ ಕರೆತಂದು ಮೆಟ್ಟಿಲ ಮೇಲೆ ಕೂರಿಸಿದೆ.

ಅಜ್ಜಿ ನನ್ನ ಕಿವಿಯ ಹತ್ತಿರ ಬಾಗಿದರು. "ಗಿರಿಜಾ, ಈ ಮನೆಯವರು ಯಾರೂಂತ ನನಗೆ ಗೊತ್ತಾಗುವುದಿಲ್ಲ. ಒಳ್ಳೆಯವರು, ಪಾಪ. ಕೇಳಲಿಕ್ಕೆ ನಾಚಿಕೆ ಆಗ್ತದೆ. ನೀನು ಯಾರಿಗೂ ಹೇಳಬೇಡ."

ಗೇಟಿನ ಹತ್ತಿರ ಅಮ್ಮ ಕಾಣಿಸಿದರು.

"ಹೇಳುವುದಿಲ್ಲ ಅಕ್ಕ" ಎಂದೆ.