ಓರಗಿತ್ತಿಯ ಹಿತ್ತಲ ಗೆಡ್ಡೆ

ಅವತ್ತು ಮುಂಜಾನೆ ಧನುರ್ಮಾಸದ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ದೇವರಿಗೂ ಏನೂ ಕಾಣಲಾರದು ಎಂದು ಸಾಕವ್ವ ಧೈರ್ಯ ಮಾಡಿದಳು. ಗಂಡ ಮರದಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಮನೆಯಲ್ಲಿ ಒಲೆ ಹೊತ್ತಿ ಮೂರು ದಿನವಾಗಿತ್ತು. ಬೇಲಿ ನುಸುಳಿ ಹಿರಿ ಓರಗಿತ್ತಿಯ ಹಿತ್ತಲಿಗೆ ಹೋದಳು. ಸುವರ್ಣಗೆಡ್ಡೆಯ ಎಲೆಯೆಲ್ಲ ಒಣಗಿ, ಗೆಡ್ಡೆ ಯುಗಾದಿಯವರೆಗೆ ಮಣ್ಣೊಳಗೆ ಮಲಗುವ ಕಾಲವದು. ಒಣದಂಟು ಬಿದ್ದಲ್ಲೆಲ್ಲ ಕೆದಕಿದಳು. ಉಗುರು ಕಿತ್ತುಬಂತೇ ಹೊರತು ಗೆಡ್ಡೆ ಸಿಗಲಿಲ್ಲ.

"ದಂಟು ಬಿದ್ದಲ್ಲಿ ಗೆಡ್ಡೆ ಇರುತ್ತೇನೇ, ದಡ್ಡಿ?"

ಬೆನ್ನ ಹಿಂದೆ ಓರಗಿತ್ತಿ ಗುದ್ದಲಿ ಹಿಡಿದು ನಿಂತಿದ್ದಳು.

"ಹೊಡಿಯಕ್ಕಾ, ಕೊಂದೇಹಾಕು. ಆದರೆ ಒಂದು ತುಂಡು ಕೊಡು. ಮಕ್ಕಳು ಅಳೋದನ್ನೂ ಬಿಟ್ಟಿವೆ."

"ಕದಿಯೋಕೂ ಬರಲ್ವಲ್ಲೇ ನಿನಗೆ! ಸರಿ ಅತ್ತ."

ಎರಡು ಮೊಳ ಆಚೆಗೆ ನಾಲ್ಕೇಟು ಹಾಕಿ, ಕೊಡದಷ್ಟು ದೊಡ್ಡ ಗೆಡ್ಡೆ ಎತ್ತಿದಳು. ಸಾಕವ್ವ ಅವಳ ಕಾಲಿಗೆ ಬಿದ್ದಳು.

"ಏಳೇ, ನನ್ನ ಕಾಲಿಗೆ ಬೀಳಬೇಡ. ಮನೆ ಪಾಲಾದ ವರ್ಷ ಈ ಜಾಗ ನಿನ್ನ ಭಾಗಕ್ಕೇ ಬಂದಿತ್ತು. ನೀನು ಬಾಣಂತನಕ್ಕೆ ತವರಿಗೆ ಹೋದಾಗ ಬೇಲಿ ಸರಿಸಿದವಳು ನಾನು," ಎಂದು ಓರಗಿತ್ತಿ ತಲೆ ತಗ್ಗಿಸಿ, ಗೆಡ್ಡೆಯನ್ನು ಅವಳ ಸೆರಗಿಗೆ ಹಾಕಿದಳು.