ಪೊರೆ ತೆಗೆದ ಮರುದಿನ

ನಿವೃತ್ತಿಯಾದ ಮರುತಿಂಗಳೇ ನರ್ಸ್ ನೀಲಗಂಗಾ ಮಕ್ಕಳ ಮಾತು ಕೇಳದೆ, ಕಣ್ಣಿನ ಪೊರೆ ತೆಗೆಯುವ ವೈದ್ಯರ ತಂಡದ ಜೊತೆ ಆಫ್ರಿಕಾದ ಮಲಾವಿಗೆ ವಿಮಾನ ಹತ್ತಿದ್ದರು. ಅಲ್ಲಿ ಕಾಲಿಟ್ಟ ಗಳಿಗೆಯಿಂದ ಅವರಿಗೆ ಇಪ್ಪತ್ತರ ಹುರುಪು; ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಮೊದಲ ದಿನ ಆಪರೇಷನ್‌ಗೆ ಒಪ್ಪಿದ್ದು ಒಬ್ಬಳೇ ಅಜ್ಜಿ, ಒಂಬತ್ತು ವರ್ಷದಿಂದ ಏನೂ ಕಾಣದವಳು. ಅವಳಿಗೆ ಕಣ್ಣು ಕಂಡರಷ್ಟೇ ತಾವೂ ಒಳಗೆ ಬರುವುದೆಂದು ನಲವತ್ತು ಜನ ಬಾಗಿಲಲ್ಲೇ ಕೂತುಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ನೀಲಗಂಗಾ ಪಟ್ಟಿ ಬಿಚ್ಚಿದರು. ಅಜ್ಜಿ ಕಣ್ಣು ಪಿಳುಕಿಸಿದಳು, ಅವರ ಮುಖವನ್ನೇ ದಿಟ್ಟಿಸಿದಳು, ಆಮೇಲೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಬಾಗಿಲಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಎದ್ದು ಬಂದು ಸಾಲು ಹಚ್ಚಿದರು. ಏನೂ ತಿಳಿಯದೆಯೂ ನೀಲಗಂಗಾ ಅವರ ಜೊತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅನುವಾದಕ ಚಿಸೊಮೊ ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಫಾರ್ಮಸಿ ಓದಿದವನು. ಅವನು ಮಾತ್ರ ತಲೆ ತಗ್ಗಿಸಿಕೊಂಡು ನಗು ತಡೆಯುತ್ತಿದ್ದ.

“ಏನಂದ್ಳಪಾ ಅಜ್ಜಿ? ಕಾಣಸ್ತತಂತೇನು?” ನೀಲಗಂಗಾ ಕೇಳಿದರು.

“ಭಾಳ ಚಲೋ ಕಾಣಸ್ತತಿ ಅಂತ್ರಿ, ಅಕ್ಕಾರ.”

“ಮತ್ತ ಇಷ್ಟ್ಯಾಕ ನಗಾಕ್ಹತ್ತೀರಿ? ನನ್ನ ಬಗ್ಗೆ ಏನರ ಅಂದ್ಳೇನು?”

“ಬ್ಯಾಡ್ರಿ, ಸಿಟ್ಟಾಗ್ತೀರಿ.”

“ಇಲ್ಲ, ಹೇಳೋ ಯಪ್ಪಾ.”

“‘ದನಿ ಕೇಳಿ ಯಾವುದೋ ಹುಡುಗಿ ಅನ್ಕೊಂಡಿದ್ದೆ, ನೋಡಿದ್ರ ನನ್ನಷ್ಟ ಮುದುಕಿ ಅದಾಳ, ನಾ ಎದ್ದೇಳತೀನಿ, ಮೊದಲ ಇಕಿನ್ನ ಈ ಹಾಸಿಗಿ ಮ್ಯಾಲೆ ಮಲಗಸ್ರಿ’ ಅಂತಾಳ್ರಿ.”